ದೋಣಿ ಕೂಟಕ್ಕೆ ಮೊದಲು ಇಳಿಜಾರು ನೋಡಿ

ಟ್ರೇಲರ್ ದೋಣಿ ಇಟ್ಟುಕೊಂಡವರೆಲ್ಲ ಒಂದು ಭಾನುವಾರ ಹೊಳೆ ದಂಡೆಯಲ್ಲಿ ಸೇರೋಣ ಎಂದರೆ ಮೊದಲು ಶಾಮಿಯಾನದ ಮಾತು, ಆಮೇಲೆ ಬಾಡೂಟದ್ದು, ಆಮೇಲೆ ಬ್ಯಾನರಿನಲ್ಲಿ ಯಾರ ಫೋಟೊ ಎಂಬುದು. ದೋಣಿ ಎಲ್ಲಿಂದ ನೀರಿಗಿಳಿಯುತ್ತದೆ ಎಂಬುದು ಹಿಂದಿನ ರಾತ್ರಿ ನೆನಪಾಗುತ್ತದೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಂಡೆಯಲ್ಲಿ ಕೂತು ಉಣ್ಣುವ ಜಾಗಕ್ಕೆ ಬರವಿಲ್ಲ, ಟ್ರೇಲರ್ ರಿವರ್ಸ್ ಇಳಿಸುವ ಜಾಗ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಸ್ನಾನಘಟ್ಟದ ಮೆಟ್ಟಿಲು ಇದಕ್ಕೆ ಬರುವುದಿಲ್ಲ. ಇಳಿಜಾರು ಗೊತ್ತುಮಾಡಿಕೊಂಡ ಮೇಲೆ ಅದರ ಹತ್ತಿರದ ಪಾರ್ಕ್ ಹುಡುಕಿ.

ಕಾಲ, ಕಾಗದ

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡವೇ ಬೇಡ. ಕೆಆರ್‌ಎಸ್ ತನ್ನ ಪೂರ್ತಿ ಮಟ್ಟವಾದ 124.80 ಅಡಿಯ ಹತ್ತಿರ ಬಂದಿತೆಂದರೆ ಕೊಡಗಿನ ಮಳೆ ನೀರನ್ನು ಹೊಳೆಗೇ ಬಿಡಬೇಕಾಗುತ್ತದೆ. ಆಗ ಬೆಳಿಗ್ಗೆ ಮೊಣಕಾಲುದ್ದ ಇದ್ದ ಕಡೆ ಮಧ್ಯಾಹ್ನಕ್ಕೆ ಆಳು ಮುಳುಗುತ್ತದೆ. ಡಿಸೆಂಬರ್, ಜನವರಿ ಸರಿಯಾದ ಕಾಲ. ಆಗಲೂ ವಾರದ ಮೊದಲಿನಿಂದ ಪತ್ರಿಕೆಯಲ್ಲಿ ಬರುವ ಹೊರಹರಿವಿನ ಅಂಕಿ ನೋಡುತ್ತಿರಿ. ಕೂಟದ ದಿನ ನೀರಂಚಿನಲ್ಲಿ ಒಂದು ಗೂಟ ನೆಟ್ಟು, ಇಂಚಿಗೊಂದು ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ನೋಡಲು ಒಬ್ಬರನ್ನು ನೇಮಿಸಿ. ಮೂರು ಇಂಚು ಏರಿದರೆ ಎಲ್ಲ ದೋಣಿಗಳೂ ದಡಕ್ಕೆ. ಇದರಲ್ಲಿ ಚರ್ಚೆ ಇಟ್ಟುಕೊಳ್ಳಬೇಡಿ.

ಕಾವೇರಿ ನೀರಾವರಿ ನಿಗಮ, ಪಾರ್ಕ್ ಯಾರ ಸುಪರ್ದಿಯಲ್ಲಿದೆಯೋ ಆ ಪುರಸಭೆ ಅಥವಾ ಪಂಚಾಯಿತಿ, ಪೊಲೀಸ್ ಠಾಣೆ, ಈ ಮೂರೂ ಕಡೆ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ‘ಸಾಹೇಬ್ರಿಗೆ ಹೇಳಿದ್ದೀವಿ’ ಎಂಬ ಮಾತು ಕೂಟದ ದಿನ ಕೆಲಸಕ್ಕೆ ಬರುವುದಿಲ್ಲ. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ವಾಹನವೇ, ಅದಕ್ಕೂ ನಂಬರ್ ಪ್ಲೇಟ್ ಇರಲಿ. ಬೆಂಗಳೂರು ಕಡೆಯಿಂದ ಟ್ರ್ಯಾಕ್ಟರಿಗೆ ಕಟ್ಟಿ ತರುವವರಿಗೆ ಮೊದಲೇ ಹೇಳಿಬಿಡಿ: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ರಂಗನತಿಟ್ಟಿನ ಕಡೆ ದೋಣಿಯ ಮೂತಿ ತಿರುಗಿಸಲೂಬೇಡಿ. ಅದು ಪಕ್ಷಿಧಾಮ, 2022ರಿಂದ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಹಕ್ಕಿಗಳ ಜೊತೆಗೆ ಮೊಸಳೆಗಳೂ ಇವೆ. ಬಲಮುರಿಯಂಥ ಒಡ್ಡುಗಳಿರುವ ಕಡೆಯೂ ಬೇಡ. ಒಡ್ಡಿನ ಮೇಲಿಂದ ಬೀಳುವ ನೀರು ಬುಡದಲ್ಲಿ ಸುತ್ತಿ ಸುತ್ತಿ ಒಳಗೆಳೆಯುತ್ತದೆ, ಲೈಫ್ ಜಾಕೆಟ್ ಹಾಕಿದ್ದವರನ್ನೂ ಬಿಡುವುದಿಲ್ಲ.

ಇಳಿಜಾರು ಅಳೆಯುವುದು

ಒಂದು ಮೀಟರ್ ಉದ್ದದ ಹಲಗೆ, ಗಾರೆಯವರ ರಸಮಟ್ಟ, ಟೇಪು ತೆಗೆದುಕೊಂಡು ಹೋಗಿ. ಹಲಗೆಯ ಮೇಲಿನ ತುದಿಯನ್ನು ನೆಲಕ್ಕೆ ತಾಗಿಸಿ, ಮಟ್ಟ ಹಿಡಿದು, ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ. 12ರಿಂದ 15 ಸೆಂಟಿಮೀಟರ್ ಬಂದರೆ ಒಳ್ಳೆಯ ಇಳಿಜಾರು. ಅದಕ್ಕಿಂತ ಕಡಿಮೆಯಾದರೆ ದೋಣಿ ತೇಲುವಷ್ಟರಲ್ಲಿ ಕಾರಿನ ಹಿಂದಿನ ಗಾಲಿ ನೀರಲ್ಲಿರುತ್ತದೆ. 20 ದಾಟಿದರೆ ಪಾಚಿಯ ಮೇಲೆ ಗಾಡಿ ಮೇಲೇರುವುದಿಲ್ಲ.

ಆಮೇಲೆ ಬಿದಿರಿನ ಗಳು ಹಿಡಿದು ಕಾಂಕ್ರೀಟ್ ಎಲ್ಲಿ ಮುಗಿಯುತ್ತದೆ ಎಂದು ನೀರೊಳಗೆ ತಡವಿ ನೋಡಿ. ಅಂಚಿನಲ್ಲಿ ಕನಿಷ್ಠ ಮೂರು ಅಡಿ ನೀರಿರಬೇಕು. ಇಲ್ಲದಿದ್ದರೆ ಟ್ರೇಲರ್ ಗಾಲಿ ಅಂಚು ದಾಟಿ ಕೆಳಕ್ಕೆ ಬೀಳುತ್ತದೆ, ಆಕ್ಸಲ್ ಕಾಂಕ್ರೀಟಿಗೆ ಕಚ್ಚಿಕೊಳ್ಳುತ್ತದೆ, ಉಳಿದ ದೋಣಿಗಳೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ. ಅಂಚು ಸಿಕ್ಕ ಕಡೆ ಎರಡೂ ಬದಿಗೆ ಕೆಂಪು ಬಟ್ಟೆ ಕಟ್ಟಿದ ಗಳು ನೆಡಿ. ಪಾಚಿಯನ್ನು ಹಿಂದಿನ ದಿನವೇ ಗಟ್ಟಿ ಪೊರಕೆಯಿಂದ ಉಜ್ಜಿಸಿ. ಬ್ಲೀಚಿಂಗ್ ಪೌಡರ್ ಸುರಿಯುವ ಅಡ್ಡದಾರಿ ಬೇಡ, ಅದು ಮೀನಿಗೆ ವಿಷ.

ಸಿಕ್ಕಿಕೊಂಡ ಗಾಡಿಯನ್ನು ಎಳೆಯಲು ಊರಿನವರಿಂದ ಒಂದು ಟ್ರ್ಯಾಕ್ಟರನ್ನು ದಿನಬಾಡಿಗೆಗೆ ತಂದು ಮೇಲೆ ನಿಲ್ಲಿಸಿಕೊಳ್ಳಿ. ಖರ್ಚು ದಂಡ ಎನ್ನುವವರು ಇದ್ದೇ ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಇಳಿಸುವುದು

ಹದಿನೈದು ದೋಣಿ ಬರುತ್ತವೆ ಎನ್ನೋಣ. ಇಳಿಜಾರಿನ ಮೇಲೆಯೇ ನಿಂತು ಪಟ್ಟಿ ಬಿಚ್ಚುವುದು, ಸಾಮಾನು ತುಂಬುವುದು ಶುರುವಾದರೆ ಒಂದಕ್ಕೆ ಹತ್ತು ನಿಮಿಷ, ಒಟ್ಟು ಎರಡೂವರೆ ಗಂಟೆ. ಐವತ್ತು ಮೀಟರ್ ಹಿಂದೆ ತಯಾರಿಗೆಂದೇ ಜಾಗ ಗುರುತು ಮಾಡಿದರೆ ಒಂದಕ್ಕೆ ನಾಲ್ಕು ನಿಮಿಷ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆ ಜಾಗದಲ್ಲೇ ಹಿಂಬದಿಯ ಪಟ್ಟಿ ಬಿಚ್ಚಿ, ಲೈಟಿನ ವೈರಿನ ಪ್ಲಗ್ ಕಿತ್ತು, ಎಂಜಿನ್ ಮೇಲಕ್ಕೆತ್ತಿ, ಮುಂದೊಂದು ಹಿಂದೊಂದು ಹಗ್ಗ ಕಟ್ಟಿರಬೇಕು. ದೋಣಿಯ ತಳದ ಬಿರಡೆ ಹಾಕಿದೆಯೇ ಎಂದು ಮಾಲೀಕರನ್ನು ಕೇಳಿ ಬಿಡಬೇಡಿ, ಕೈ ಹಾಕಿ ಮುಟ್ಟಿ ನೋಡಿ. ‘ಹಾಕಿದ್ದೀನಿ’ ಎಂದವರ ದೋಣಿಯೇ ಮೊದಲು ನೀರು ಕುಡಿಯುವುದು.

ದೂರದಿಂದ ಬಂದ ಟ್ರೇಲರನ್ನು ಬಂದ ತಕ್ಷಣ ನೀರಿಗಿಳಿಸಬಾರದು. ಗಾಲಿಯ ಬೇರಿಂಗ್ ಕಾದಿರುತ್ತದೆ. ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ, ಮುಂದೆ ಯಾವತ್ತೋ ನಡುರಸ್ತೆಯಲ್ಲಿ ಗಾಲಿ ಕಚ್ಚಿಕೊಳ್ಳುತ್ತದೆ. ಕೈಯಿಟ್ಟರೆ ಬಿಸಿ ತಾಗದಷ್ಟು ಆರಲಿ. ಅಷ್ಟರಲ್ಲಿ ತಿಂಡಿ ಆಗುತ್ತದೆ.

ರಿವರ್ಸ್ ಹೋಗುವಾಗ ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ, ಸ್ವಲ್ಪ ಸ್ವಲ್ಪವೇ. ಟ್ರೇಲರ್ ಚಿಕ್ಕದಾದಷ್ಟೂ ಬೇಗ ಕಾರಿನ ಕಡೆಗೆ ಮಡಚಿಕೊಳ್ಳುತ್ತದೆ. ಮಡಚಿಕೊಂಡರೆ ತಿರುಗಿಸಿ ಸರಿಮಾಡಲು ಹೋಗಬೇಡಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಹಿಂದಕ್ಕೆ ಬನ್ನಿ. ದಾರಿ ಹೇಳುವವರು ಒಬ್ಬರೇ ಇರಲಿ. ನಾಲ್ಕು ಜನ ‘ಬಾ ಬಾ, ಲೆಫ್ಟ್ ಲೆಫ್ಟ್’ ಎಂದು ಕೂಗಿದರೆ ಎಂಥ ಡ್ರೈವರಾದರೂ ಕೆಡುತ್ತಾರೆ. ಕಿಟಕಿ ಇಳಿದಿರಲಿ, ಸೀಟ್ ಬೆಲ್ಟ್ ಬಿಚ್ಚಿರಲಿ, ದೋಣಿಯಲ್ಲಿ ಯಾರೂ ಕೂತಿರಬಾರದು.

ಗಾಡಿ ನಿಂತ ಮೇಲೆ ಹ್ಯಾಂಡ್ ಬ್ರೇಕ್, ಗೇರ್, ಗಾಲಿಗೆ ಅಡ್ಡ ಮರದ ತುಂಡು, ಮೂರೂ ಬೇಕು. ದೋಣಿಯನ್ನು ಟ್ರೇಲರಿಗೆ ಎಳೆದು ಹಿಡಿದಿರುವ ಮುಂದಿನ ವಿಂಚ್ (ರಾಟೆ) ಕೊಕ್ಕೆಯನ್ನು ದೋಣಿಯ ಹಿಂಭಾಗ ತೇಲಿದ ಮೇಲಷ್ಟೇ ಬಿಚ್ಚಿ. ರೋಲರ್ ಇರುವ ಟ್ರೇಲರಿನಲ್ಲಿ ಅವಸರಪಟ್ಟು ಮೇಲೇ ಬಿಚ್ಚಿದರೆ ದೋಣಿ ಜಾರಿ ಕಾಂಕ್ರೀಟಿಗೆ ಬೀಳುತ್ತದೆ, ಫೈಬರ್ ಒಡೆಯುತ್ತದೆ. ಇಳಿದ ದೋಣಿಯನ್ನು ಹಗ್ಗ ಹಿಡಿದು ಪಕ್ಕಕ್ಕೆ ಸರಿಸಿ, ಎಂಜಿನ್ ಅಲ್ಲಿ ಶುರುಮಾಡಿ.

ನೀರಲ್ಲಿ

ಡಿಸೆಂಬರಿನಲ್ಲಿ ಬಂಡೆಗಳು ನೀರಿನ ಅಡಿಯಲ್ಲೇ ಕಾಣದಂತೆ ಇರುತ್ತವೆ. ಸಂಗಮದ ಕಡೆಯ ಒಬ್ಬ ಹರಿಗೋಲಿನವರಿಗೆ ಒಂದು ದಿನದ ಕೂಲಿ ಕೊಟ್ಟು, ಖಾಲಿ ಕ್ಯಾನುಗಳಿಗೆ ಕಲ್ಲು ಕಟ್ಟಿ ದಾರಿ ಗುರುತು ಹಾಕಿಸಿ. ಮೀನಿನ ಬಲೆ ಎಲ್ಲಿದೆ ಎಂಬುದೂ ಅವರಿಗೇ ಗೊತ್ತು. ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ಎಂಜಿನ್ನೂ ಹೋಯಿತು, ಬಲೆಯವರ ಜೊತೆ ಜಗಳವೂ ಆಯಿತು. ಲೈಫ್ ಜಾಕೆಟ್ ತಲೆಗೊಂದು. ಆಟಿಕೆ ಅಂಗಡಿಯ ಗಾಳಿ ತುಂಬುವ ತೋಳುಪಟ್ಟಿ ಲೆಕ್ಕಕ್ಕಿಲ್ಲ.

ಊಟಕ್ಕೆ ಚಿತ್ರಾನ್ನ, ಮೊಸರನ್ನ ಸಾಕು. ಬಾಡೂಟ ಬೇಕೇ ಬೇಕೆಂದರೆ ದೋಣಿಗಳೆಲ್ಲ ಮೇಲೆ ಬಂದ ನಂತರ ಬಡಿಸಿ. ಗುಂಡು ಹಾಕಿದವರಿಗೆ ದೋಣಿಯೂ ಇಲ್ಲ, ಗಾಡಿಯೂ ಇಲ್ಲ.

ಮೇಲೆತ್ತುವ ಕೆಲಸ ಮೂರೂವರೆಗೇ ಶುರುವಾಗಲಿ. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲಾಗುತ್ತದೆ, ಐದಕ್ಕೆ ಎಲ್ಲರೂ ಒಟ್ಟಿಗೇ ದಡಕ್ಕೆ ನುಗ್ಗುತ್ತಾರೆ. ಮೇಲೆ ಬಂದ ದೋಣಿಯ ಬಿರಡೆ ತೆಗೆದು ನೀರು ಬಸಿಯಿರಿ. ಟ್ರೇಲರಿಗೆ ಸಿಕ್ಕಿದ ಅಂತರಗಂಗೆಯ ಎಳೆಯನ್ನೆಲ್ಲ ಅಲ್ಲೇ ಕಿತ್ತು ದಡದ ಮೇಲೆ ಹಾಕಿ. ಒಂದು ಎಳೆ ನಿಮ್ಮೂರ ಕೆರೆಗೆ ಹೋದರೂ ಕೆರೆಯೆಲ್ಲ ಹಬ್ಬುತ್ತದೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಮಿಕ್ಕಿದ್ದನ್ನು ಬಸಿದು, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಹೀಗೆ ಓಡಿಸುವಾಗ ಎಂಜಿನ್ನಿಗೆ ತಂಪಿನ ನೀರು ಸಿಗುತ್ತಿರಬೇಕು, ಬರೀ ಗಾಳಿಯಲ್ಲಿ ಓಡಿಸಿದರೆ ಒಳಗಿನ ನೀರಿನ ಪಂಪಿನ ರಬ್ಬರ್ ನಿಮಿಷದಲ್ಲೇ ಸುಟ್ಟುಹೋಗುತ್ತದೆ.