ಲಾಗ್‌ನಲ್ಲಿ 25, ಕರ್ನಲ್ ಹೇಳಿದ್ದು 28

ಸೆನ್ಸರ್‌ಗಳಿಂದ ಬರುವ ಒಂದೊಂದು ರೀಡಿಂಗನ್ನೂ ಒಂದೊಂದು ಪುಟ್ಟ ಫೈಲಾಗಿ ಉಳಿಸುವ ಸಿ ಪ್ರೋಗ್ರಾಂ ಅದು. ಲಿನಕ್ಸ್ ಮೇಲೆ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತ್ತು. ಒಂದು ಬೆಳಿಗ್ಗೆ ಹೊಸ ಫೈಲ್ ತೆರೆಯುವುದೇ ನಿಂತುಹೋಯಿತು. ಲಾಗ್‌ನಲ್ಲಿ ಎರ್ನೋ 25 ಎಂದಿತ್ತು. ಸಿಸ್ಟಂಗೆ ಮಾಡಿದ ಕರೆ ಯಾಕೆ ಸೋತಿತು ಎಂದು ಹೇಳುವ ಸಂಖ್ಯೆಯೇ ಎರ್ನೋ. 25 ಅಂದರೆ ಇನೋಟಿಟಿವೈ. ಟರ್ಮಿನಲ್‌ಗಷ್ಟೇ ಹೊಂದುವ ಕೆಲಸವನ್ನು ಬೇರೆ ಯಾವುದರ ಮೇಲೋ ಮಾಡಲು ಹೋದಾಗ ಬರುವ ಕೋಡ್. ಫೈಲ್ ತೆರೆಯುವುದಕ್ಕೂ ಟರ್ಮಿನಲ್‌ಗೂ ಏನು ಸಂಬಂಧ? ಅರ್ಧ ದಿನ ಅದನ್ನೇ ಹಿಡಿದು ಕೂತೆ.

ಕೊನೆಗೆ ಎಸ್‌ಟ್ರೇಸ್ ಹಾಕಿ ನೋಡಿದೆ. ಪ್ರೋಗ್ರಾಂ ಕರ್ನಲ್‌ಗೆ (ಲಿನಕ್ಸ್‌ನ ತಿರುಳು ಭಾಗಕ್ಕೆ) ಏನು ಕೇಳಿತು, ಕರ್ನಲ್ ಏನು ಹೇಳಿತು ಎಂಬುದನ್ನು ಅದು ಇದ್ದ ಹಾಗೆ ತೋರಿಸುತ್ತದೆ. ಫೈಲ್ ತೆರೆಯುವ ಕರೆಗೆ ಬಂದ ಕೋಡ್ 28, ಇನೋಎಸ್‌ಪಿಸಿ. ಜಾಗ ಇಲ್ಲ ಅಂತ. 25 ಬಂದದ್ದು ಅದರ ನಂತರ. ನಮ್ಮ ಲಾಗ್ ಫಂಕ್ಷನ್, ಎರರನ್ನು ಕೆಂಪು ಬಣ್ಣದಲ್ಲಿ ತೋರಿಸಬೇಕೋ ಬೇಡವೋ ಎಂದು ತಿಳಿಯಲು ಮೊದಲು, ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ಕೇಳುವ ಇಸ್‌ಎಟಿಟಿವೈ ಫಂಕ್ಷನ್ನನ್ನು ಕರೆಯುತ್ತಿತ್ತು. ಔಟ್‌ಪುಟ್ ಹೋಗುತ್ತಿದ್ದದ್ದು ಫೈಲಿಗೆ. ಆ ಕರೆ 28ನ್ನು ಅಳಿಸಿ 25 ಬರೆದಿಟ್ಟಿತ್ತು.

ಒಂದು ಥ್ರೆಡ್‌ಗೆ ಎರ್ನೋ ಇರುವುದು ಒಂದೇ, ಅಲ್ವಾ? ಮುಂದಿನ ಕರೆ ಸೋತರೆ ಹಿಂದಿನ ಕೋಡ್ ಹೋಯಿತು. ಕರೆ ಗೆದ್ದರೆ ಅದು ತಾನಾಗಿ 0 ಆಗುವುದೂ ಇಲ್ಲ. ಅದಕ್ಕೇ ನಾನೀಗ ಮೊದಲು ರಿಟರ್ನ್ ವ್ಯಾಲ್ಯೂ ನೋಡುತ್ತೇನೆ. ಅದು -1 ಆಗಿದ್ದರೆ, ಮರುಸಾಲಲ್ಲೇ ಎರ್ನೋವನ್ನು ಬೇರೆ ವೇರಿಯಬಲ್‌ಗೆ ಹಾಕಿಟ್ಟುಕೊಳ್ಳುತ್ತೇನೆ. ನಡುವೆ ಒಂದು ಪ್ರಿಂಟ್‌ಎಫ್ ಕೂಡ ಬರಬಾರದು.

28 ಸಿಕ್ಕ ಮೇಲೂ ಒಂದು ಗಂಟು ಉಳಿದಿತ್ತು. ಡಿಸ್ಕ್‌ನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ ಕಮಾಂಡ್ ಪ್ರಕಾರ ಡಿಸ್ಕ್‌ನ ಸುಮಾರು ಮುಕ್ಕಾಲು ಭಾಗ ಖಾಲಿ! 'ಡಿಎಫ್ -ಐ' ಕೊಟ್ಟಾಗ ಗೊತ್ತಾಯಿತು, ಮುಗಿದದ್ದು ಐನೋಡ್‌ಗಳು, ಅಂದರೆ ಫೈಲಿನ ವಿವರ ಇಡುವ ದಾಖಲೆಗಳು. ನಮ್ಮ ಡಿಸ್ಕ್‌ನ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ನಲ್ಲಿ ಫೈಲಿಗೊಂದು ಐನೋಡ್ ಬೇಕು. ಒಟ್ಟು ಎಷ್ಟು ಎಂಬುದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ, ಸಾಮಾನ್ಯವಾಗಿ ಡಿಸ್ಕ್‌ನ ಪ್ರತಿ 16 ಕೆಬಿಗೆ ಒಂದರಂತೆ. ನಮ್ಮ ಪ್ರತಿ ಫೈಲ್ ತಿನ್ನುತ್ತಿದ್ದದ್ದು 4 ಕೆಬಿಯ ಒಂದು ಬ್ಲಾಕ್. ಐನೋಡ್ ಮುಗಿಯುವ ಹೊತ್ತಿಗೆ ಡಿಸ್ಕ್ ತುಂಬಿದ್ದು ಕಾಲು ಭಾಗವಷ್ಟೇ, ಲೆಕ್ಕ ಸರಿಹೋಯಿತು. ದಿನದ ರೀಡಿಂಗ್‌ಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸಿ ಬರೆಯುವಂತೆ ಬದಲಾಯಿಸಿದೆ.

ಎಲ್ಲ ಕೋಡ್‌ಗೂ ಒಂದೇ ಮದ್ದು ಸಲ್ಲದು. ರೀಡ್ ಮಾಡುವಾಗ 4 ಬಂದರೆ ಸಿಗ್ನಲ್ ನಡುವೆ ಬಂತು ಅಂತ, ಮತ್ತೆ ಕರೆಯುತ್ತೇನೆ. 28 ಬಂದಾಗ ಹಾಗೆ ಸುಮ್ನೆ ಮತ್ತೆ ಮತ್ತೆ ಕರೆಯುವುದರಿಂದ ಜಾಗವೇನೂ ಹುಟ್ಟುವುದಿಲ್ಲ. ಬರೆಯುವುದನ್ನು ನಿಲ್ಲಿಸಿ, ಯಾವ ಕರೆ, ಯಾವ ಫೈಲ್, ಯಾವ ಕೋಡ್ ಎಂದು ಮೂರನ್ನೂ ಲಾಗ್‌ಗೆ ಹಾಕುತ್ತೇನೆ.