ಡೆಂಪ್‌ಸ್ಟರ್ ಹೆದ್ದಾರಿ: ಡಾಸನ್ ಬಿಟ್ಟು ಇನುವಿಕ್‌ಗೆ ಹೊರಡುವ ಮುನ್ನ

ಕೆನಡಾದಲ್ಲಿರುವ ನಮ್ಮವರು ಬ್ಯಾಂಫ್, ಜ್ಯಾಸ್ಪರ್ ನೋಡಿ ಮುಗಿಸಿದ ಮೇಲೆ ದೇಶದ ವಾಯವ್ಯ ಮೂಲೆಯ ಯುಕಾನ್ ಕಡೆ ಹೋಗೋಣ್ವಾ ಎಂದು ಕೇಳುತ್ತಾರೆ. ಖಂಡಿತ ಹೋಗಿ. ಆದರೆ ಡೆಂಪ್‌ಸ್ಟರ್ ಹೆದ್ದಾರಿ ಹತ್ತುವ ಆಸೆ ಇದ್ದರೆ ಮೊದಲು ಬಾಡಿಗೆ ಕಾರಿನ ಕರಾರು ಓದಿ. ಜಲ್ಲಿ ರಸ್ತೆಗೆ ಒಯ್ಯಬಾರದು ಎಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. ಹಾಗಿದ್ದೂ ಒಯ್ದರೆ ವಿಮೆ ಸಿಗದೇ ಹೋಗಬಹುದು. ಯುಕಾನ್‌ನ ಡಾಸನ್ ಸಿಟಿಯಿಂದ 40 ಕಿ.ಮೀ. ಪೂರ್ವಕ್ಕೆ ಶುರುವಾಗುವ ಈ ರಸ್ತೆ ಪಕ್ಕದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಇನುವಿಕ್ ಊರು ಮುಟ್ಟುವವರೆಗೆ ಸುಮಾರು 740 ಕಿ.ಮೀ. ಹೆಚ್ಚುಕಡಿಮೆ ಪೂರ್ತಿ ಜಲ್ಲಿಯೇ.

ಡಾಂಬರು ಯಾಕೆ ಹಾಕಿಲ್ಲ? ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ರಸ್ತೆಯೇ ಕುಸಿಯುತ್ತದೆ. ಐಸ್ ಗಡ್ಡೆ ಕರಗದಿರಲಿ ಎಂದು ನಮ್ಮಲ್ಲಿ ಮರದ ಹೊಟ್ಟು ಮುಚ್ಚುತ್ತಾರಲ್ವಾ, ಅದೇ ಉಪಾಯ. ಇಲ್ಲಿ ಹೊಟ್ಟಿನ ಬದಲು ಜಲ್ಲಿ, 1.2 ಮೀಟರಿನಿಂದ 2.4 ಮೀಟರಿನಷ್ಟು ದಪ್ಪ.

ಕೆಲಸ ಶುರುವಾಗಿದ್ದು 1959ರಲ್ಲಿ, ಎಣ್ಣೆ ಮತ್ತು ಅನಿಲದ ಆಸೆಯಿಂದ. ನೂರು ಚಿಲ್ಲರೆ ಕಿ.ಮೀ. ಆಗುವಷ್ಟರಲ್ಲಿ, 1961ರಲ್ಲಿ ನಿಂತುಹೋಯಿತು. 1968ರಲ್ಲಿ ಅಲಾಸ್ಕಾದ ಪ್ರುಡೋ ಬೇನಲ್ಲಿ ಎಣ್ಣೆ ಸಿಕ್ಕಿದ ಮೇಲೆ ಮತ್ತೆ ಜೀವ ಬಂತು. ರಸ್ತೆ ಉದ್ಘಾಟನೆಯಾಗಿದ್ದು 1979ರ ಆಗಸ್ಟ್ 18ರಂದು. ಹೆಸರು ಮಾತ್ರ ಇನ್ನೂ ಹಳೆಯದು. 1910ರ ಡಿಸೆಂಬರಿನಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ನಾಯಿಬಂಡಿಯಲ್ಲಿ ಹೊರಟ ನಾಲ್ವರು ಪೊಲೀಸರು ದಾರಿ ತಪ್ಪಿ ಸತ್ತರು. ಈ ನೆಲ ಗೊತ್ತಿದ್ದ ಮೂಲನಿವಾಸಿ ಗ್ವಿಚಿನ್ ಜನರಲ್ಲಿ ಒಬ್ಬರೂ ಕೊನೆವರೆಗೆ ಅವರ ಜೊತೆ ಇರಲಿಲ್ಲ. ಅವರನ್ನು ಹುಡುಕಿದ ಕಾರ್ಪೊರಲ್ ಡೆಂಪ್‌ಸ್ಟರ್ ಹೆಸರು ರಸ್ತೆಗೆ ಬಂತು. ಆದರೆ ರಸ್ತೆಯ ಜಾಡು ತೋರಿಸಿದವರಲ್ಲಿ ಡಾಸನ್ ಸೀಮೆಯ ಮೂಲನಿವಾಸಿ ಹಿರಿಯ ಜೋ ಹೆನ್ರಿ ಇದ್ದರು. ಆ ಹೆಸರನ್ನೂ ನೆನಪಿಟ್ಟುಕೊಂಡು ಹೋಗಿ ಎನ್ನುವುದು ನನ್ನ ಆಸೆ.

ಪೆಟ್ರೋಲ್ ಡಾಸನ್‌ನಲ್ಲೇ ಭರ್ತಿ ಮಾಡಿಸಿ. ಮುಂದಿನ ಬಂಕ್ ಈಗಲ್ ಪ್ಲೇನ್ಸ್, ರಸ್ತೆಯ 369ನೇ ಕಿ.ಮೀ.ನಲ್ಲಿ. ನಡುವೆ ಊರಿಲ್ಲ, ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಸ್ಟೆಪ್ನಿ ಒಂದು ಸಾಲದು, ಎರಡು ಬೇಕು. ಅದೂ ಪೂರ್ತಿ ಅಳತೆಯ ಚಕ್ರ. ನಾವು ಹೋದಾಗ ನಮ್ಮ ಟೈರಿಗೆ ಹೊಕ್ಕಿದ್ದು ಬೆರಳುದ್ದದ ಕಪ್ಪು ಕಲ್ಲಿನ ಚೂರು, ಅಂಚು ಚಾಕುವಿನ ಹಾಗಿತ್ತು. ಜಾಕ್ ಜಲ್ಲಿಯಲ್ಲಿ ಹೂತುಹೋಗುತ್ತಿತ್ತು, ಅದರ ಕೆಳಗೆ ಇಡಲು ಒಂದು ಹಲಗೆ ತುಂಡೂ ಇರಲಿಲ್ಲ. ಆಮೇಲೆ ಬಂದ ಮೊದಲ ಲಾರಿಯೇ ನಿಂತಿತು. ಚಾಲಕ ಹಲಗೆ ಕೊಟ್ಟು, ಕುಡಿಯಲು ನೀರಿದೆಯಾ ಎಂದು ಕೇಳಿ, ಚಕ್ರ ಕೂರುವವರೆಗೂ ಜೊತೆಗಿದ್ದರು. ನೀವೂ ಅಲ್ಲಿ ನಿಂತ ಗಾಡಿ ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಎದುರಿಂದ ಲಾರಿ ಬಂದರೆ ವೇಗ ತಗ್ಗಿಸಿ ಬದಿಗೆ ಸರಿಯಿರಿ. ಗಾಜು ಒಡೆಯುವುದು ಅದರ ಚಕ್ರ ಸಿಡಿಸುವ ಕಲ್ಲುಗಳಿಂದಲೇ ಜಾಸ್ತಿ.

ಪೀಲ್ ಮತ್ತು ಮೆಕೆಂಜಿ, ಈ ಎರಡು ನದಿಗಳಿಗೂ ಸೇತುವೆಯಿಲ್ಲ. ಬೇಸಿಗೆಯಲ್ಲಿ ಸರ್ಕಾರದ ಫೆರಿ, ಅದಕ್ಕೆ ದುಡ್ಡಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಗಾಡಿ ಓಡುತ್ತದೆ. ವಸಂತದಲ್ಲಿ ಐಸ್ ಒಡೆಯುವಾಗ, ಚಳಿಗಾಲದ ಮುಂಚೆ ಅದು ಕಟ್ಟುವಾಗ, ಕೆಲವು ವಾರ ಎರಡೂ ಇಲ್ಲ. ಆಗ ಇನುವಿಕ್‌ಗೆ ಕಾರಿನ ದಾರಿಯೇ ಇಲ್ಲ. ಹೊರಡುವ ಬೆಳಿಗ್ಗೆ ರಸ್ತೆ ಮಾಹಿತಿ ಕೊಡುವ 511 ಯುಕಾನ್ ಜಾಲತಾಣ ನೋಡಿ. ಅದು ಯುಕಾನ್ ಗಡಿವರೆಗಿನ ಸುದ್ದಿ ಮಾತ್ರ. ಎರಡೂ ಫೆರಿ ಗಡಿಯಾಚೆ ಇರುವುದರಿಂದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಸ್ತೆ ಮಾಹಿತಿಯನ್ನು ಬೇರೆಯಾಗಿ ನೋಡಬೇಕು.