ಇಂಚಿಗೊಂದು ಮಿಲಿಮೀಟರ್: ಮೇಜಿನ ಮೇಲೆ ಹಾಟ್ ರಾಡ್ ಕಟ್ಟುವುದು ಹೇಗೆ

ಹಾಟ್ ರಾಡ್ ಎಂದರೆ ವೇಗಕ್ಕೂ ಅಂದಕ್ಕೂ ಮಾರ್ಪಡಿಸಿದ ಹಳೆಯ ಕಾರು. ಬಿಡಿ ಪೀಸುಗಳ ಕಿಟ್ ತಂದು ಅದರ ಪುಟ್ಟ ಪ್ಲಾಸ್ಟಿಕ್ ಮಾದರಿ ಕಟ್ಟುವವರಿಗೆ ಒಂದು ಸುಖವಿದೆ. ಯುದ್ಧವಿಮಾನದ ಮಾದರಿ ಕಟ್ಟುವವರು ರೆಕ್ಕೆಯ ಹಸಿರು ಬಣ್ಣ ಕೊಂಚ ಆಚೀಚೆಯಾದರೂ ಯಾರಾದರೂ ಬೆರಳು ತೋರಿಸಿಯಾರು ಎಂದು ಅಂಜಬೇಕು. ಇಲ್ಲಿ ಆ ಅಂಜಿಕೆ ಇಲ್ಲ. ಮೂಲದ ಕಾರೇ ಅಮೆರಿಕದ ಯಾವುದೋ ಗ್ಯಾರೇಜಿನಲ್ಲಿ ಯಾರೋ ತಮ್ಮ ಮನಸ್ಸಿಗೆ ಬಂದಂತೆ ಕತ್ತರಿಸಿ, ಬೆಸೆದು, ತಗ್ಗಿಸಿದ್ದು. ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಕೈಗೆ ಸಿಕ್ಕ ಹೊಳೆಯುವ ಪೀಸುಗಳನ್ನೆಲ್ಲ ಅಂಟಿಸಿದ ಗಾಡಿ ಎಷ್ಟೇ ನಾಜೂಕಾಗಿದ್ದರೂ ಆಟಿಕೆಯಾಗಿಯೇ ಉಳಿಯುತ್ತದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಅಂಟಿನ ಸೀಸೆ ತೆರೆಯುವ ಮೊದಲು ಗಾಡಿಗೊಂದು ಇಸವಿ ಗೊತ್ತುಮಾಡಿ. ಆ ಇಸವಿಯಲ್ಲಿ ಇಲ್ಲದ ಯಾವುದೂ ಗಾಡಿ ಮೇಲೆ ಇರಬಾರದು.

ಇಸವಿ ಆರಿಸಲು ಒಂದಿಷ್ಟು ಹಿನ್ನೆಲೆ ಬೇಕು. 1932ರಲ್ಲಿ ಫೋರ್ಡ್ ಕಂಪನಿ 221 ಘನ ಇಂಚಿನ, 65 ಅಶ್ವಶಕ್ತಿಯ ವಿ8 (V ಆಕಾರದಲ್ಲಿ ಎಂಟು ಸಿಲಿಂಡರುಗಳಿರುವ) ಇಂಜಿನನ್ನು ಸಾಮಾನ್ಯರು ಕೊಳ್ಳಬಹುದಾದ ಕಾರಿಗೆ ಹಾಕಿತು. ಇದನ್ನೇ ಫ್ಲಾಟ್‌ಹೆಡ್ ಎನ್ನುತ್ತಾರೆ. ಕೆಲವು ವರ್ಷಗಳಲ್ಲಿ ಆ ಕಾರುಗಳು ಸೆಕೆಂಡ್ ಹ್ಯಾಂಡ್ ದರಕ್ಕೆ ಬಂದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವುಗಳ ಮಡ್‌ಗಾರ್ಡು, ಬಂಪರು ಕಿತ್ತುಹಾಕಿ ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸಿ ವೇಗ ಅಳೆದರು. ಈ ಓಟಗಳಿಗೊಂದು ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. 1955ರಲ್ಲಿ ಷೆವ್ರೊಲೆ ಸ್ಮಾಲ್ ಬ್ಲಾಕ್ ಎಂಬ ತನ್ನ ಹೊಸ ವಿ8 ಇಂಜಿನ್ ತಂದ ಮೇಲೆ ಫ್ಲಾಟ್‌ಹೆಡ್‌ನ ಕಾಲ ಇಳಿಯಿತು. ಐದು ಕಡ್ಡಿಯ ಟಾರ್ಕ್ ಥ್ರಸ್ಟ್ ಚಕ್ರ ಬಂದದ್ದು 1963ರಲ್ಲಿ. ಹಾಗಾಗಿ ನಿಮ್ಮ ಗಾಡಿಗೆ 1950 ಎಂದು ಇಸವಿ ಇಟ್ಟರೆ ಷೆವ್ರೊಲೆ ಇಂಜಿನೂ ಇಲ್ಲ, ಆ ಚಕ್ರವೂ ಇಲ್ಲ. ಹೊಸಬರಿಗೆ ನನ್ನ ಸಲಹೆ 1950ರ ಆಸುಪಾಸೇ. ಫ್ಲಾಟ್‌ಹೆಡ್, ಸಾದಾ ಉಕ್ಕಿನ ಚಕ್ರ, ಕಪ್ಪು ಬಣ್ಣ, ಇಷ್ಟರಲ್ಲಿ ಗಾಡಿ ಮುಗಿಯುತ್ತದೆ.

ಕಿಟ್ ಯಾವುದು?

1932ರ ಫೋರ್ಡ್ ಕೂಪೆ (ಗಟ್ಟಿ ಛಾವಣಿಯ, ಎರಡು ಬಾಗಿಲಿನ ಕಾರು) ಅಥವಾ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ ತೆರೆದ ಕಾರು). ಬೇರೆ ಯೋಚನೆಯೇ ಬೇಡ. ಅಮೆರಿಕದ ಎಎಂಟಿ ಕಂಪನಿ ಮೊದಲು ಕಾರು ಮಾರುವ ಡೀಲರುಗಳಿಗೆ ಪ್ರಚಾರದ ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಅದು ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್‌ಗಳನ್ನು ತಂದಿತು: ಕಂಪನಿಯಿಂದ ಬಂದಂತೆ, ಅಲಂಕರಿಸಿದಂತೆ, ರೇಸಿಗೆ ಸಜ್ಜುಮಾಡಿದಂತೆ. ಒಂದು ಬಗೆ ಕಟ್ಟಿದರೆ ಉಳಿದೆರಡರ ಪೀಸುಗಳು ಮಿಕ್ಕುತ್ತವೆ. ಈ ಹವ್ಯಾಸಿಗಳ ಸ್ನೇಹವೆಲ್ಲ ಬೆಳೆದದ್ದು ಹೀಗೆ ಮಿಕ್ಕಿದ ಪೀಸುಗಳ ಕೊಡು-ಕೊಳ್ಳುವಿಕೆಯಿಂದಲೇ. ನಮ್ಮ ಆಟಿಕೆ ಅಂಗಡಿಗಳಲ್ಲಿ ಇಂಥ ಕಿಟ್ ಸಿಗುವುದು ಅಪರೂಪ, ಹೊರದೇಶದಿಂದ ತರಿಸಬೇಕು. ತರಿಸುವಾಗ ಪೆಟ್ಟಿಗೆಯ ಮೇಲಿನ ಅಳತೆ ನೋಡಿ. ಎಎಂಟಿಯದು 1/25 (ನಿಜ ಕಾರಿನ ಇಪ್ಪತ್ತೈದರಲ್ಲಿ ಒಂದು ಪಾಲು), ಹಳೆಯ ಮೊನೊಗ್ರಾಂ ಕಿಟ್‌ಗಳು 1/24, ರೆವೆಲ್‌ನಲ್ಲಿ ಎರಡೂ ಇವೆ. ಚಕ್ರ, ಇಂಜಿನ್‌ಗಳನ್ನು ಆಚೆಯಿಂದ ಈಚೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಬಾಡಿಯನ್ನು ಇನ್ನೊಂದರ ಚಾಸಿ ಮೇಲೆ ಕೂರಿಸಹೊರಟರೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ.

1/25ರಲ್ಲಿ ಒಂದು ದೊಡ್ಡ ಅನುಕೂಲವಿದೆ. ನಿಜ ಕಾರಿನ ಒಂದು ಇಂಚು ಮಾದರಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ‘ಟಾಪನ್ನು (ಛಾವಣಿಯನ್ನು) ಮೂರು ಇಂಚು ತಗ್ಗಿಸಿದೆವು’ ಎಂದು ಎಲ್ಲಾದರೂ ಓದಿದರೆ ನೀವು ಸ್ಕೇಲಿನಲ್ಲಿ ಮೂರು ಮಿ.ಮೀ. ಗುರುತು ಹಾಕಿಕೊಂಡರಾಯಿತು.

ತೊಳೆಯಿರಿ, ಕತ್ತರಿಸಿ, ಅಂಟಿಸಬೇಡಿ

ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಮೇಲೆ ಜಿಡ್ಡಿರುತ್ತದೆ. ಪೀಸುಗಳು ಚೌಕಟ್ಟಿನಲ್ಲಿ ಇರುವಾಗಲೇ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಹಾಕಿ ತೊಳೆದು ಒಣಗಿಸಿ. ಬೇಕಾದ ಪೀಸನ್ನು ಕಟರಿನಿಂದ ಕತ್ತರಿಸಿ, ಕೈಯಲ್ಲಿ ತಿರುಚಿ ಮುರಿಯಬೇಡಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಕೂದಲೆಳೆಯಂಥ ಏಣು ಇರುತ್ತದೆ. ಬ್ಲೇಡನ್ನು ಅಡ್ಡ ಹಿಡಿದು ಕೆರೆದು, ಮೇಲೆ ವಾಟರ್ ಪೇಪರ್ ಆಡಿಸಿದರೆ ಹೋಗುತ್ತದೆ.

ಈಗ ಮಾಸ್ಕಿಂಗ್ ಟೇಪ್ ತೆಗೆದುಕೊಂಡು ಚಾಸಿ, ಆಕ್ಸಲ್, ಚಕ್ರ, ಬಾಡಿ ಎಲ್ಲವನ್ನೂ ಬರೀ ಟೇಪಿನಲ್ಲೇ ಜೋಡಿಸಿ ನಿಲ್ಲಿಸಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲೇ. ಹಾಟ್ ರಾಡಿನ ಜೀವ ಇರುವುದು ಅದು ನಿಂತ ಭಂಗಿಯಲ್ಲಿ: ಹಿಂದೆ ದೊಡ್ಡ ಟೈರು, ಮುಂದೆ ಸಣ್ಣ ಟೈರು, ಮೂತಿ ಕೊಂಚ ಕೆಳಗೆ. ಮುಂದಿನ ಆಕ್ಸಲ್ ಕೂರುವ ಜಾಗವನ್ನು ಒಂದೇ ಮಿ.ಮೀ. ತಗ್ಗಿಸಿ ನೋಡಿ, ಗಾಡಿಯ ಮುಖಚರ್ಯೆಯೇ ಬದಲಾಗುತ್ತದೆ. ಮೇಲಿನಿಂದ ನೋಡಬೇಡಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಟೈರು ಮಡ್‌ಗಾರ್ಡಿಗೆ ತಾಗುತ್ತಿದೆಯೇ, ಮುಂದಿನ ಚಕ್ರ ತಿರುಗಿಸಲು ಜಾಗವಿದೆಯೇ, ಇಂಜಿನ್ ರೇಡಿಯೇಟರಿನ ಹಿಂದೆ ಹಿಡಿಸುತ್ತದೆಯೇ ಎಂಬುದೆಲ್ಲ ಟೇಪಿನ ಹಂತದಲ್ಲೇ ತೀರ್ಮಾನವಾಗಬೇಕು. ಬಣ್ಣ ಬಳಿದ ಮೇಲೆ ಗರಗಸ ಹಿಡಿಯುವ ಸಂಕಟ ಯಾರಿಗೂ ಬೇಡ.

ಟಾಪು ತಗ್ಗಿಸುವುದು

ಇದು ಕೂಪೆ ಕಟ್ಟುವವರಿಗೆ ಮಾತ್ರ. ಕಿಟಕಿಗಳ ಎತ್ತರ ಕಡಿಮೆ ಮಾಡಿ ಛಾವಣಿಯನ್ನು ಕೆಳಗಿಳಿಸುವುದಕ್ಕೆ ಚಾಪ್ ಎನ್ನುತ್ತಾರೆ. ಗಾಳಿಯ ತಡೆ ಕಡಿಮೆಯಾಗಲೆಂದು ಓಟದ ಗಾಡಿಗಳಿಗೆ ಮಾಡುತ್ತಿದ್ದರು, ಆಮೇಲೆ ಅಂದಕ್ಕೇ ಮಾಡತೊಡಗಿದರು. 1932ರ ಕೂಪೆ ಇದಕ್ಕೆ ಹೇಳಿ ಮಾಡಿಸಿದ್ದು, ಕಿಟಕಿಗಳ ನಡುವೆ ಛಾವಣಿ ಹೊತ್ತ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿವೆ. 1934ರದರಲ್ಲಿ ವಾಲಿಕೊಂಡಿವೆ, ಅದು ಕಷ್ಟದ ಕೆಲಸ.

ಮಾಸ್ಕಿಂಗ್ ಟೇಪಿನಿಂದ ಸರಿಯಾಗಿ ಮೂರು ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಅದನ್ನು ಕಿಟಕಿಗಳ ಕಂಬಗಳಿಗೂ ಹಿಂಬದಿಗೂ ಒಂದೇ ಮಟ್ಟದಲ್ಲಿ ಸುತ್ತ ಅಂಟಿಸಿ. ಪಟ್ಟಿಯ ಮೇಲಂಚು ಒಂದು ಗೆರೆ, ಕೆಳಂಚು ಇನ್ನೊಂದು ಗೆರೆ, ನಡುವಿನದು ಹೋಗಬೇಕಾದದ್ದು. ತೆಳು ಹಲ್ಲಿನ ಗರಗಸವನ್ನು ಗೆರೆಯ ಮೇಲೆ ಇಡಬೇಡಿ, ಕೂದಲೆಳೆಯಷ್ಟು ಪಟ್ಟಿಯ ಒಳಗೇ ಇಟ್ಟು ಕೊಯ್ಯಿರಿ. ಮಿಕ್ಕದ್ದನ್ನು ಗಾಜಿನ ಹಲಗೆಯ ಮೇಲೆ ಹಾಸಿದ ಉಪ್ಪುಕಾಗದದಲ್ಲಿ ಉಜ್ಜಿ ಗೆರೆಗೆ ತನ್ನಿ. ಈಗ ಛಾವಣಿ ಇಟ್ಟು ನೋಡಿದರೆ ಕಂಬಗಳು ಒಂದಕ್ಕೊಂದು ಕೂಡುವುದಿಲ್ಲ. ಹೆದರಬೇಡಿ, ಕಂಬಗಳು ಮೇಲೆ ಹೋದಂತೆ ಒಳಕ್ಕೆ ಬಾಗುವುದರಿಂದ ಹೀಗಾಗುತ್ತದೆ. ಮುಂದಿನ ಕಂಬಗಳನ್ನು ಬುಡದಲ್ಲಿ ಅರ್ಧ ಕೊರೆದು ಮೆಲ್ಲಗೆ ಬಾಗಿಸಬಹುದು. ಅಷ್ಟು ಸಾಲದಿದ್ದರೆ ಛಾವಣಿಯನ್ನೇ ಅಡ್ಡಲಾಗಿ ಕೊಯ್ದು ನಡುವೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಕಂಬಗಳಿಗೆ ಸಣ್ಣ ತೂತು ಕೊರೆದು ಹಿತ್ತಾಳೆ ತಂತಿಯ ಮೊಳೆ ಹಾಕಿದರೆ ಜೋಡಣೆ ಗಟ್ಟಿ. ಒಂದೊಂದೇ ಕಂಬವನ್ನು ಫೆವಿಕ್ವಿಕ್‌ನಿಂದ ಹಿಡಿಸಿ. ಸಂದಿಗೆ ಉಜ್ಜುವಾಗ ಬಿದ್ದ ಪ್ಲಾಸ್ಟಿಕ್ ಪುಡಿಯನ್ನೇ ತುಂಬಿ ಮೇಲೊಂದು ಹನಿ ಬಿಡಿ, ಕಲ್ಲಾಗುತ್ತದೆ. ಕಿಟ್‌ನ ಕಿಟಕಿ ಗಾಜು ಇನ್ನು ಉಪಯೋಗಕ್ಕೆ ಬಾರದು. ಹಳೆಯ ಓಎಚ್‌ಪಿ (ಪ್ರೊಜೆಕ್ಟರಿನ ಪಾರದರ್ಶಕ) ಹಾಳೆಯಿಂದ ಹೊಸದು ಕತ್ತರಿಸಿಕೊಳ್ಳಿ. ಅದನ್ನು ಕೂರಿಸಲು ಫೆವಿಕಾಲ್ ಸಾಕು. ಫೆವಿಕ್ವಿಕ್ ಹೊಗೆ ತಾಗಿದರೆ ಪಾರದರ್ಶಕ ಹಾಳೆ ಬೆಳ್ಳಗೆ ಮಂಜಾಗುತ್ತದೆ.

ಇಂಜಿನ್

ಮಡ್‌ಗಾರ್ಡಿಲ್ಲದ, ಬಾನೆಟ್ಟಿಲ್ಲದ ಗಾಡಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಇಂಜಿನ್ ಕಡೆಗೇ. ಕಿಟ್‌ನಲ್ಲಿ ಪ್ಲಗ್ಗಿನ ವೈರು ಕೊಟ್ಟಿರುವುದು ಅಪರೂಪ, ನೀವೇ ಹಾಕಬೇಕು. ನಿಜ ಕಾರಿನಲ್ಲಿ ಏಳೆಂಟು ಮಿ.ಮೀ. ದಪ್ಪದ ವೈರು ಇಲ್ಲಿ 0.3 ಮಿ.ಮೀ. ಆಗುತ್ತದೆ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ತಾಮ್ರದ ವೈಂಡಿಂಗ್ ತಂತಿ ಕೇಳಿ, ಹೆಚ್ಚುಕಡಿಮೆ ಅದೇ ಅಳತೆ. ಒಂದು ಗೇಣು ಕೊಟ್ಟರೆ ಒಂದು ಗಾಡಿಗೆ ಬೇಕಾದಷ್ಟು. ಕಪ್ಪು ಬಣ್ಣ ಬಳಿದು, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಸೂಜಿ ಡ್ರಿಲ್‌ನಿಂದ ತೂತು ಕೊರೆದು ಸಿಕ್ಕಿಸಿ. ಎಂಟು ಪ್ಲಗ್ಗಿಗೆ ಎಂಟು, ಕಾಯಿಲ್‌ಗೆ ಒಂದು. ಫ್ಲಾಟ್‌ಹೆಡ್‌ನಲ್ಲಿ ಪ್ಲಗ್ಗುಗಳು ಹೆಡ್ಡಿನ (ಸಿಲಿಂಡರುಗಳ ಮುಚ್ಚಳದ) ಮೇಲೆಯೇ ಎದ್ದು ನಿಂತಿರುತ್ತವೆ, ಬೇರೆಡೆ ಹುಡುಕಬೇಡಿ. ಹೊಗೆ ಹೋಗುವ ದಾರಿ ಪ್ರತಿ ಬದಿಗೆ ಮೂರೇ, ಯಾಕೆಂದರೆ ನಡುವಿನ ಎರಡು ಸಿಲಿಂಡರುಗಳದು ಒಂದೇ ಬಾಯಿ. ಬದಿಗೆ ನಾಲ್ಕು ಕೊಳವೆ ಅಂಟಿಸಿದ ಫ್ಲಾಟ್‌ಹೆಡ್ ಕಂಡರೆ ತಿಳಿದವರು ಮುಗುಳ್ನಗುತ್ತಾರೆ.

ಕಿಟ್‌ನ ಕ್ರೋಮ್ ಪೀಸುಗಳ ಬಗ್ಗೆ ನನ್ನ ತಕರಾರಿದೆ. ಹೊಳಪು ಅತಿ. ಗೇರ್‌ಬಾಕ್ಸಿಗೆ, ಆಕ್ಸಲ್‌ಗೆಲ್ಲ 1950ರ ಹುಡುಗ ಎಲ್ಲಿಂದ ಕ್ರೋಮ್ ಮಾಡಿಸಿಯಾನು? ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ನೆನೆಹಾಕಿದರೆ ಲೇಪ ಬಿಟ್ಟುಕೊಳ್ಳುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಬ್ಲೀಚ್‌ಗೆ ಟಾಯ್ಲೆಟ್ ಕ್ಲೀನರನ್ನು ಮಾತ್ರ ಸೇರಿಸಲೇಬೇಡಿ. ವಿಷಾನಿಲ ಏಳುತ್ತದೆ.

ಬಣ್ಣ

ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಲೇಪ) ಇಲ್ಲದೆ ಬಣ್ಣ ಬೇಡ. ಕಾರಿಗೆ ಹೊಡೆಯುವ ಸ್ಪ್ರೇ ಡಬ್ಬಿ ಬಳಸುವುದಾದರೆ ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿ, ಕೆಲವು ಬಣ್ಣಗಳ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತದೆ. ಡಬ್ಬಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು ತೆಳುವಾಗಿ ಹಲವು ಸಲ ಹೊಡೆಯಿರಿ. ಕೈ ನಿಂತಲ್ಲಿ ಬಣ್ಣ ಇಳಿಯುತ್ತದೆ, ಡಬ್ಬಿ ದೂರವಾದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಲ್ಯಾಕರ್ ಬಗೆಯ ಬಣ್ಣ ಮುಟ್ಟದಿರುವುದೇ ವಾಸಿ. ಗಾಳಿಯ ತೇವ ಸಿಕ್ಕಿಕೊಂಡು ಹೊಳಪಿನ ಬದಲು ಬಿಳಿ ಮಬ್ಬು ಕೂರುತ್ತದೆ. ಒಣಗಿದೆಯೇ ಎಂದು ಬೆರಳು ಮುಟ್ಟಿಸಿ ನೋಡುವುದಲ್ಲ, ಮೂಗಿನ ಬಳಿ ಹಿಡಿಯಿರಿ. ವಾಸನೆ ಇರುವವರೆಗೂ ಒಣಗಿಲ್ಲ. ಆಮೇಲೆ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪಾಲಿಶ್ ಹಾಕಿ. ಅಂಚುಗಳ ಮೇಲೆ ಒತ್ತಬೇಡಿ, ಅಲ್ಲಿ ಬಣ್ಣ ಬೇಗ ಸವೆದು ಪ್ರೈಮರ್ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ಬೇಡವೆನ್ನುವವರು ಪ್ರೈಮರ್‌ನಲ್ಲೇ ಬಿಡಿ. ದುಡ್ಡು ಸಾಲದೆ ಬೂದು ಪ್ರೈಮರ್‌ನಲ್ಲೇ ಓಡಾಡಿದ ಗಾಡಿಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು.

ತೋರಿಸುವುದು ಎಲ್ಲಿ?

ಈ ಕೈಕೆಲಸ ಅಮೆರಿಕದಲ್ಲಿ ಎರಡು ದಾರಿಯಲ್ಲಿ ಬೆಳೆಯಿತು. 1979ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ಜಿಎಸ್‌ಎಲ್ ಸ್ಪರ್ಧೆಯಲ್ಲಿ ತೀರ್ಪುಗಾರರು ಗಾಡಿಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸುತ್ತಾರೆ. ಮರುವರ್ಷ ಒಹಾಯೊದ ಟೊಲೀಡೊ ಕಡೆ ಹುಟ್ಟಿದ ಎನ್‌ಎನ್‌ಎಲ್ ಮೇಳದಲ್ಲಿ ತೀರ್ಪುಗಾರರ ಕಾಟವಿಲ್ಲ. ಗಾಡಿ ತಂದು ಮೇಜಿನ ಮೇಲಿಡಿ, ಮಾತಾಡಿ, ಬಿಡಿಭಾಗ ಕೊಂಡುಕೊಂಡು ಮನೆಗೆ ಹೋಗಿ. ನನ್ನ ಒಲವು ಎರಡನೆಯದರ ಕಡೆಗೆ. ಕಿಟ್‌ಗಳಲ್ಲಿ ಸಿಗದ ಬಾಡಿ, ಇಂಜಿನ್‌ಗಳನ್ನು ರೆಸಿನ್‌ನಲ್ಲಿ (ಹೊಯ್ದ ಮೇಲೆ ಗಟ್ಟಿಯಾಗುವ ರಾಳದಲ್ಲಿ) ಎರಕ ಹೊಯ್ದು ಮಾರುವ ಸಣ್ಣ ಕುಶಲಕರ್ಮಿಗಳು ಸಿಗುವುದೂ ಇಂಥ ಮೇಳಗಳಲ್ಲೇ. ಈಗ 3ಡಿ ಪ್ರಿಂಟರು ಆ ಕೆಲಸ ಹಂಚಿಕೊಂಡಿದೆ. ರೆಸಿನ್ ಉಜ್ಜುವಾಗ ಮಾಸ್ಕ್ ಹಾಕಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾದರಿಯವರು ನಿಜ ಕಾರಿನವರ ಬೆನ್ನಿಗೇ ಬಿದ್ದಿದ್ದಾರೆಂದು ತಿಳಿಯಬೇಡಿ. ಟಾಮ್ ಡೇನಿಯಲ್ ವಿನ್ಯಾಸದ ‘ರೆಡ್ ಬ್ಯಾರನ್’ ಎಂಬ ಹಾಟ್ ರಾಡ್ 1968ರಲ್ಲಿ ಮೊನೊಗ್ರಾಂ ಕಿಟ್ ಆಗಿ ಬಂತು, ಅದನ್ನು ನೋಡಿ ನಿಜವಾದ ಕಾರು ಕಟ್ಟಿದ್ದು ಆಮೇಲೆ.

ಗೆಳೆಯರ ನಡುವೆಯೇ ಆಗಲಿ, ಪ್ರದರ್ಶನದಲ್ಲೇ ಆಗಲಿ, ಗಾಡಿ ಇಡುವಾಗ ಪಕ್ಕದಲ್ಲೊಂದು ಚೀಟಿ ಇರಲಿ. ಬಾಡಿ ಯಾವ ಕಿಟ್‌ನದು, ಇಂಜಿನ್ ಯಾವುದರದು, ಟೈರು ಎಲ್ಲಿಯದು, ಬಣ್ಣ ಯಾವ ಡಬ್ಬಿಯದು, ಗಾಡಿಯ ಇಸವಿ ಯಾವುದು ಎಂದು ಬರೆದಿಡಿ. ನೋಡಲು ಬಂದವರು ಮೊದಲು ಕೇಳುವುದು ಅದನ್ನೇ. ಮಿಕ್ಕಿದ ಪೀಸುಗಳ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ನಿಮಗೆ ಬೇಡವಾದ ಆ ಷೆವ್ರೊಲೆ ಇಂಜಿನನ್ನು ಹುಡುಕುತ್ತಿರುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ.